ಜೋಡಿಯಾಗಿ ಅಂಕಸಮುದ್ರದಲ್ಲಿ ಹಕ್ಕಿ ಎಣಿಕೆ: ಮೊದಲು ಯಾವುದು, ಆಮೇಲೆ ಯಾವುದು

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಗಂಡ-ಹೆಂಡತಿಯರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಇಬ್ಬರೂ ಸೇರಿ ಅಂಕಸಮುದ್ರದ ಹಕ್ಕಿಗಳಿಗೆ ಏನಾದರೂ ಕೆಲಸ ಮಾಡೋಣ ಅಂತ ಹೋದೆವು, ಆಗಲಿಲ್ಲ. ಯಾಕೆ?" ವಿಚಾರಿಸಿದರೆ ಕತೆಯೂ ಒಂದೇ. ಭಾನುವಾರ ಬೆಳಗ್ಗೆ ಹತ್ತಕ್ಕೆ ಹೋಗಿರುತ್ತಾರೆ. ಯಾರಿಗೂ ಮುಂಚೆ ಹೇಳಿರುವುದಿಲ್ಲ. ಕೆರೆ ಕಾಯುವ ಅರಣ್ಯ ಇಲಾಖೆಯ ವಾಚರ್ "ಏರಿ ಮ್ಯಾಲಿಂದ ನೋಡಿ ಹೋಗ್ರಿ ಸರ್" ಅಂದಿರುತ್ತಾರೆ. ಒಬ್ಬರು ಫೋಟೊ ಹೊಡೆಯುತ್ತಾರೆ, ಇನ್ನೊಬ್ಬರು ನೆರಳು ಹುಡುಕುತ್ತಾರೆ. ಎರಡನೇ ಸಲ ಹೋಗುವುದು ಒಬ್ಬರೇ. ಮೂರನೇ ಸಲ ಯಾರೂ ಇಲ್ಲ.

ಇವರೆಲ್ಲ ಹಕ್ಕಿಯಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ಅರಣ್ಯ ಕಚೇರಿಯಿಂದ. ಆಮೇಲೆ ನಿಮ್ಮೂರಿನ ಕೆರೆ. ಅಂಕಸಮುದ್ರ ಅದಾದ ಮೇಲೆ.

ಯಾವ ಜಾಗದ ಮಾತು ಅಂತ ಮೊದಲು ಸ್ಪಷ್ಟವಾಗಲಿ. ಹಗರಿಬೊಮ್ಮನಹಳ್ಳಿ ಪಕ್ಕದ ಅಂಕಸಮುದ್ರ ಒಂದು ಹಳೇ ನೀರಾವರಿ ಕೆರೆ. 98.76 ಹೆಕ್ಟೇರ್, ಅಂದರೆ ಸುಮಾರು 244 ಎಕರೆ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಜಗತ್ತಿನ ಮಹತ್ವದ ಕೆರೆ-ಜೌಗುಗಳ ರಾಮ್ಸರ್ ಪಟ್ಟಿಗೂ ಸೇರಿದೆ ಅಂತ 2024ರ ಜನವರಿಯಲ್ಲಿ ಪ್ರಕಟವಾಯಿತು. ಆ ಪಟ್ಟಿಯ ನಿಯಮಗಳಲ್ಲಿ ನೀರಹಕ್ಕಿಗೆ ಸಂಬಂಧಿಸಿದ ಎರಡು ಪೂರ್ತಿ ಲೆಕ್ಕದ ಮೇಲೆಯೇ ನಿಂತಿವೆ: ಒಂದು ಜಾಗದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನೀರಹಕ್ಕಿ ನಿಯಮಿತವಾಗಿ ಸೇರಬೇಕು, ಇಲ್ಲವೇ ಒಂದು ಜಾತಿಯ ಒಟ್ಟು ಸಂಖ್ಯೆಯಲ್ಲಿ ಶೇ 1ರಷ್ಟಾದರೂ ಅಲ್ಲಿರಬೇಕು. ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು ಈ ಎರಡನೇ ಲೆಕ್ಕದಲ್ಲಿ ಬರುತ್ತವೆ. ಹಾಗಾಗಿ ಇಲ್ಲಿ ನಿಮ್ಮಿಂದ ಆಗುವ ಅತಿ ಉಪಯೋಗದ ಕೆಲಸ ಎಣಿಕೆ. ಈ ಬರಹ ಪೂರ್ತಿ ಅದರ ಬಗ್ಗೆಯೇ.

ಹಂತ 1: ಮನೆಯಲ್ಲಿ ಕೂತು ತೀರ್ಮಾನಿಸಿ

ತಿಂಗಳಿಗೆ ಒಂದು ಬೆಳಗ್ಗೆ, ಒಂದು ವರ್ಷ. ಇಷ್ಟು ಆಗುತ್ತದಾ ಅಂತ ಇಬ್ಬರೂ ಕೇಳಿಕೊಳ್ಳಿ. "ವಾರಾ ವಾರಾ ಹೋಗೋಣ" ಅನ್ನುವ ಜೋಡಿಗಳೇ ಬೇಗ ಬಿಡುವುದು. ಬಳ್ಳಾರಿಯಿಂದ ಹೊಸಪೇಟೆ ಮೇಲೆ ಹೋದರೆ ಸುಮಾರು 100 ಕಿಲೋಮೀಟರ್. ಬೆಳಕು ಹರಿಯುವ ಹೊತ್ತಿಗೆ ಏರಿ ಮೇಲೆ ಇರಬೇಕೆಂದರೆ ನಾಲ್ಕಕ್ಕೇ ಮನೆ ಬಿಡಬೇಕು, ಇಲ್ಲ ಹಿಂದಿನ ರಾತ್ರಿ ಹಗರಿಬೊಮ್ಮನಹಳ್ಳಿಯಲ್ಲೋ ಹೊಸಪೇಟೆಯಲ್ಲೋ ಉಳಿಯಬೇಕು. ರಾಯಚೂರಿನವರು ಉಳಿಯದೆ ಮಾಡುವ ಯೋಚನೆಯನ್ನೇ ಬಿಡಿ.

ಇನ್ನೊಂದು ಮಾತು. ಒಬ್ಬರಿಗೆ ಹಕ್ಕಿ ಹುಚ್ಚು, ಇನ್ನೊಬ್ಬರು ಜೊತೆಗೆ ಬಂದವರು, ಹೀಗಿದ್ದರೆ ಕೆಲಸ ಬಹಳ ದಿನ ನಡೆಯುವುದಿಲ್ಲ. ಎಣಿಕೆಯಲ್ಲಿ ನೋಡುವವರಷ್ಟೇ ಬರೆಯುವವರೂ ಮುಖ್ಯ. ಆ ಕೆಲಸ ಇಷ್ಟವಾ ಅಂತ ಅವರನ್ನೇ ಕೇಳಿ, ಸುಮ್ನೆ ಬ್ಯಾಗ್ ಹೊರಿಸಬೇಡಿ.

ಹಂತ 2: ಅನುಮತಿ ಪತ್ರ

ಇಲ್ಲಿಯೇ ಜಾಸ್ತಿ ಜನ ಎಡವುವುದು. ಸಂರಕ್ಷಣಾ ಮೀಸಲು ಅನ್ನುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುವ ಜಾಗ. ಅದಕ್ಕೊಂದು ನಿರ್ವಹಣಾ ಸಮಿತಿ ಇರಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಅರಣ್ಯ ಇಲಾಖೆಯವರು ಅದರ ಸದಸ್ಯ ಕಾರ್ಯದರ್ಶಿ. ಆ ವ್ಯಾಪ್ತಿಯ ಗ್ರಾಮ ಪಂಚಾಯಿತಿ, ವನ್ಯಜೀವಿ ಕೆಲಸದ ಸಂಸ್ಥೆಗಳು, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಗಳ ಪ್ರತಿನಿಧಿಗಳೂ ಅದರಲ್ಲಿರುತ್ತಾರೆ. ಅಂದರೆ ನೀವು ಕೇಳಬೇಕಾದ ಬಾಗಿಲು ಎರಡು: ಅರಣ್ಯ ಕಚೇರಿ ಮತ್ತು ಪಂಚಾಯಿತಿ. ಒಂದಕ್ಕೆ ಮಾತ್ರ ಹೋದರೆ ಇನ್ನೊಂದು ಕಡೆಯವರು ನಿಲ್ಲಿಸುತ್ತಾರೆ.

ಪತ್ರ ಒಂದೇ ಇರಲಿ, ಹೆಸರು ಎರಡೂ ಇರಲಿ. ಆ ಭಾಗದ ವಲಯ ಅರಣ್ಯಾಧಿಕಾರಿಗೆ, ಅಂದರೆ ಆರ್‌ಎಫ್‌ಒಗೆ ಬರೆಯಿರಿ. ಒಂದು ಪ್ರತಿ ಉಪ ಅರಣ್ಯ ಸಂರಕ್ಷಣಾಧಿಕಾರಿ, ಅಂದರೆ ಡಿಸಿಎಫ್ ಕಚೇರಿಗೆ. ಪತ್ರದಲ್ಲಿ ಇಷ್ಟಿದ್ದರೆ ಸಾಕು: ಇಬ್ಬರ ಹೆಸರು, ವಿಳಾಸ, ಮೊಬೈಲ್ ನಂಬರ್, ಗುರುತಿನ ಚೀಟಿಯ ನಕಲು. ತಿಂಗಳಿಗೆ ಯಾವ ವಾರ ಬರುತ್ತೀರಿ, ಎಷ್ಟು ಹೊತ್ತು ಇರುತ್ತೀರಿ. ಏನು ಮಾಡುತ್ತೀರಿ: ಏರಿ ಮೇಲಿಂದ ಎಣಿಕೆ. ಏನು ಮಾಡುವುದಿಲ್ಲ: ಡ್ರೋನ್ ಹಾರಿಸುವುದಿಲ್ಲ, ಹಕ್ಕಿ ಹಿಡಿಯುವುದಿಲ್ಲ, ಗೂಡಿನ ಮರದ ಹತ್ತಿರ ಹೋಗುವುದಿಲ್ಲ, ಹಕ್ಕಿ ಕೂಗನ್ನು ಮೊಬೈಲ್‌ನಲ್ಲಿ ಹಾಕುವುದಿಲ್ಲ. ಪ್ರತಿ ಸಲ ಎಣಿಕೆಯ ಪ್ರತಿ ಕಚೇರಿಗೆ ಕೊಡುತ್ತೀರಿ ಅನ್ನುವ ಸಾಲು ಮರೆಯಬೇಡಿ. ಪತ್ರಕ್ಕೆ ಬೆಲೆ ತರುವುದು ಆ ಸಾಲೇ.

ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಎರಡು ವಾರ ಬಿಟ್ಟು ಫೋನ್ ಮಾಡಿ. "ಆಯ್ತು ಹೋಗಿ ಬರ್ರಿ" ಅನ್ನುವ ಬಾಯಿಮಾತು ಸಿಕ್ಕರೆ ಖುಷಿಪಡಿ, ಆದರೆ ಅದನ್ನೇ ನಂಬಿ ಕೂರಬೇಡಿ. ಹಾಗೆ ಹೇಳಿದವರು ವರ್ಗವಾಗಿ ಹೋದರೆ ನೀವು ಮತ್ತೆ ಮೊದಲಿಂದ ಶುರು ಮಾಡಬೇಕು. ಲಿಖಿತ ಉತ್ತರ ಬಂದ ಮೇಲೆ ಅದರ ನಕಲು, ಇಬ್ಬರ ಆಧಾರ್ ಕಾರ್ಡ್ ಯಾವಾಗಲೂ ಬ್ಯಾಗಿನಲ್ಲಿರಲಿ.

ಆಧಾರ್ ಯಾಕೆ ಅಂದರೆ, ಬೆಳಗಿನ ಜಾವ ಆರಕ್ಕೆ ಕೆರೆ ಹತ್ತಿರ ಜಾಲಿ ಪೊದೆ ಪಕ್ಕ ಒಬ್ಬ ಗಂಡಸು, ಒಬ್ಬ ಹೆಂಗಸು ಕೂತಿದ್ದರೆ ಊರಿನವರು ಏನಂದುಕೊಳ್ಳುತ್ತಾರೆ ಅಂತ ಬಿಡಿಸಿ ಹೇಳಬೇಕಾ? ಬೀಟ್ ಪೊಲೀಸರೂ ಕೇಳಬಹುದು. ಅದಕ್ಕೇ ಮೊದಲ ಸಲ ಕೆರೆಗೆ ಹೋಗುವ ಮುಂಚೆ ಊರೊಳಗೆ ಹೋಗಿ. ಪಂಚಾಯಿತಿಯಲ್ಲಿ, ಚಹಾದಂಗಡಿಯಲ್ಲಿ, ಮೀನು ಹಿಡಿಯುವವರ ಹತ್ತಿರ, ಕುರಿ ಕಾಯುವವರ ಹತ್ತಿರ ಪರಿಚಯ ಮಾಡಿಕೊಳ್ಳಿ. ಜೋಡಿಗೆ ಇಲ್ಲೊಂದು ಅನುಕೂಲ ಇದೆ. ಹೊಲಕ್ಕೆ ಹೋಗುವ, ಬಟ್ಟೆ ಒಗೆಯಲು ಬರುವ ಅಕ್ಕಂದಿರು ಒಬ್ಬ ಗಂಡಸಿನ ಹತ್ತಿರ ಜಾಸ್ತಿ ಮಾತಾಡುವುದಿಲ್ಲ. ಹೆಂಡತಿ ಹೋಗಿ ಕೇಳಿದರೆ ಯಾವ ಮರದಲ್ಲಿ ಮೊದಲು ಗೂಡು ಕಟ್ಟಿದವು, ಮರಿ ಯಾವಾಗ ಬಿದ್ದವು, ಎಲ್ಲಾ ಹೊರಗೆ ಬರುತ್ತದೆ.

ಹಂತ 3: ನಿಮ್ಮೂರಿನ ಕೆರೆಯಲ್ಲಿ ಅಭ್ಯಾಸ

ಅನುಮತಿ ಬರುವ ತನಕ ಸುಮ್ಮನೆ ಕೂರಬೇಡಿ. ಕೊಪ್ಪಳದವರಿಗೆ ಹುಲಿಕೆರೆ ಇದೆ, ರಾಯಚೂರಿನವರಿಗೆ ಮಾವಿನಕೆರೆ, ಬಳ್ಳಾರಿಯವರಿಗೆ ದರೋಜಿ ಕೆರೆ. ದರೋಜಿಗೆ ಹೋಗುವವರು ನೆನಪಿಡಿ, ಅದು ಕರಡಿ ಇರುವ ಸೀಮೆ. ಬೆಳಗಿನ ಜಾವ, ಸಂಜೆ ರಸ್ತೆ ಬಿಟ್ಟು ಪೊದೆಯೊಳಗೆ ಇಳಿಯಬಾರದು. ತುಂಗಭದ್ರಾ ದಂಡೆಯಲ್ಲಿ ಅಭ್ಯಾಸ ಮಾಡುವವರಿಗೂ ಎಚ್ಚರಿಕೆ: ಹೊಳೆಯಲ್ಲಿ ಮೊಸಳೆಗಳಿವೆ, ನೀರಂಚಿಗೆ ಹೋಗಬೇಡಿ.

ಗುರಿ ದೊಡ್ಡದೇನಲ್ಲ. ಪುಸ್ತಕ ತೆಗೆಯದೆ ಇಪ್ಪತ್ತೈದು ನೀರಹಕ್ಕಿಗಳನ್ನು ಇಬ್ಬರೂ ಗುರುತು ಹಿಡಿಯಬೇಕು, ಅಷ್ಟೇ. ಗುಳುಮುಳುಕ, ನಾಮದ ಕೋಳಿ, ವರಟೆ, ಬೂದು ಬಕ, ಇರುಳು ಬಕ, ಹಾವಕ್ಕಿ, ಟಿಟ್ಟಿಭ, ಮಿಂಚುಳ್ಳಿ ಇವೆಲ್ಲ ಬೇಗ ಬರುತ್ತವೆ. ಲೆಕ್ಕ ಕೆಡಿಸುವುದು ಬೇರೆ ಹಕ್ಕಿಗಳು.

ಬೆಳ್ಳಕ್ಕಿಗಳು. ಎಲ್ಲಾ ಬೆಳ್ಳಗಿದ್ದರೆ ಎಲ್ಲಾ ಒಂದೇ ಅಂತ ಬರೆಯುವುದು ದೊಡ್ಡ ತಪ್ಪು. ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಹಳದಿ ಇದ್ದರೆ ಚಿಕ್ಕ ಬೆಳ್ಳಕ್ಕಿ. ಕೊಕ್ಕು ಹಳದಿ, ಕುತ್ತಿಗೆ ಗಿಡ್ಡ, ದನಗಳ ಹಿಂದೆ ಓಡಾಡುತ್ತಿದ್ದರೆ ಗೋವಕ್ಕಿ. ಉಳಿದ ಎರಡರಲ್ಲಿ ಬಾಯಿಯ ಗೆರೆ ನೋಡಿ. ಅದು ಕಣ್ಣು ದಾಟಿ ಹಿಂದಕ್ಕೆ ಹೋದರೆ ದೊಡ್ಡ ಬೆಳ್ಳಕ್ಕಿ, ಕಣ್ಣಿನ ಕೆಳಗೇ ನಿಂತರೆ ಮಧ್ಯಮ ಬೆಳ್ಳಕ್ಕಿ. ಗೂಡು ಕಟ್ಟುವ ಕಾಲದಲ್ಲಿ ಕೊಕ್ಕಿನ ಬಣ್ಣ ಬದಲಾಗುತ್ತದೆ, ಬಣ್ಣವನ್ನೇ ನಂಬಬೇಡಿ. ದೂರ ಇದ್ದು ಗೊತ್ತಾಗಲಿಲ್ಲವೇ? "ಬೆಳ್ಳಕ್ಕಿ, ಜಾತಿ ತಿಳಿಯಲಿಲ್ಲ" ಅಂತ ಬರೆಯಿರಿ. ಊಹೆ ಮಾಡಿ ಬರೆದ ಹೆಸರಿಗಿಂತ ಇದು ಎಷ್ಟೋ ಮೇಲು.

ಬಣ್ಣದ ಕೊಕ್ಕರೆಯ ಮರಿಗಳು. ಬಲಿತ ಹಕ್ಕಿಗೆ ಹಳದಿ ಕೊಕ್ಕು, ಎದೆಗೆ ಕಪ್ಪು ಪಟ್ಟಿ, ಬಾಲದ ಹತ್ತಿರ ಗುಲಾಬಿ ಗರಿ. ಮರಿಗೆ ಗುಲಾಬಿ ಇರುವುದಿಲ್ಲ, ಕಂದು ಮಾಸಲು ಬಣ್ಣ. ಹೊಸಬರು ಅದನ್ನು ಬೇರೆ ಜಾತಿ ಅಂತ ಎಣಿಸುತ್ತಾರೆ. ಬಿಳಿ ಕೆಂಬರಲಿನ ತಲೆ-ಕುತ್ತಿಗೆ ಬೋಳು, ಕಪ್ಪು. ಕೊಕ್ಕೂ ಕಪ್ಪು, ಕುಡುಗೋಲಿನ ಹಾಗೆ ಕೆಳಕ್ಕೆ ಬಾಗಿರುತ್ತದೆ.

ನೀರುಕಾಗೆಗಳನ್ನು ಆಮೇಲೆ ಕಲಿತರೂ ನಡೆಯುತ್ತದೆ. ಮೊದಲ ತಿಂಗಳುಗಳಲ್ಲಿ "ನೀರುಕಾಗೆ" ಅಂತಷ್ಟೇ ಬರೆಯಿರಿ.

ಹಂತ 4: ಬ್ಯಾಗಿನಲ್ಲಿ ಏನಿರಬೇಕು

ಶುರುವಿಗೆ ಒಂದೇ ಬೈನಾಕ್ಯುಲರ್ ಸಾಕು. 8x42 ಅಂತ ಬರೆದಿರುವುದು ತೆಗೆದುಕೊಳ್ಳಿ. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್. ಅಂಗಡಿಯವರು ಇಪ್ಪತ್ತು ಪಟ್ಟು ಹತ್ತಿರ ತೋರಿಸುವುದು ಮಾರಲು ನೋಡುತ್ತಾರೆ. ಕೈ ನಡುಗಿದರೆ ಅದರಲ್ಲಿ ಏನೂ ಕಾಣುವುದಿಲ್ಲ. ದುಡ್ಡಿದ್ದರೆ ಎರಡನೇ ಬೈನಾಕ್ಯುಲರ್ ಬದಲು ಟ್ರೈಪಾಡ್ ಮೇಲೆ ಕೂರಿಸುವ ಸ್ಪಾಟಿಂಗ್ ಸ್ಕೋಪ್ ಕೊಳ್ಳಿ. ಕೆರೆ ನಡುವಿನ ಮರಗಳಿಗೆ ಅದೇ ಬೇಕು.

ಪುಸ್ತಕಕ್ಕೆ ಗಟ್ಟಿ ರಟ್ಟಿರಲಿ. ಪೆನ್ ಬೇಡ, ಪೆನ್ಸಿಲ್ ಇರಲಿ. ಇಬ್ಬನಿಗೆ ಜೆಲ್ ಪೆನ್ ಬರಹ ಹರಡಿಹೋಗುತ್ತದೆ. ಒತ್ತಿದರೆ ಅಂಕಿ ಏರುವ ಟ್ಯಾಲಿ ಕೌಂಟರ್ ಒಂದಿದ್ದರೆ ದೊಡ್ಡ ಹಿಂಡಿಗೆ ಅನುಕೂಲ.

ದಪ್ಪ ಅಡಿಯ ಶೂ ಕಡ್ಡಾಯ. ಬಳ್ಳಾರಿ ಜಾಲಿಯ ಮುಳ್ಳು ಚಪ್ಪಲಿ ತೂರಿ ಬರುತ್ತದೆ, ಬೈಕ್ ಟಯರೂ ಬಿಡುವುದಿಲ್ಲ. ಪಂಕ್ಚರ್ ಕಿಟ್ ಇಟ್ಟುಕೊಳ್ಳಿ. ಬಟ್ಟೆ ಮಣ್ಣಿನ ಬಣ್ಣದ್ದಿರಲಿ. ಬಿಳಿ, ಕೆಂಪು ಬೇಡ. ತಲೆಗೆ ಟೋಪಿ, ಬಿಸಿಲಿಗೂ ಹೌದು, ಹಿಕ್ಕೆಗೂ ಹೌದು. ಕೊಡೆ ತರಬೇಡಿ. ಅದನ್ನು ಫಟ್ ಅಂತ ಬಿಚ್ಚಿದರೆ ಅರ್ಧ ಕೆರೆ ಎದ್ದು ಹಾರುತ್ತದೆ. ತಿನ್ನಲು ರೊಟ್ಟಿ, ಶೇಂಗಾ ಚಟ್ನಿ ಡಬ್ಬಿಯಲ್ಲಿ ಕಟ್ಟಿಕೊಳ್ಳಿ. ಒಗ್ಗರಣೆ ಮಂಡಕ್ಕಿ-ಮಿರ್ಚಿ ಬೇಕಾದರೆ ವಾಪಸ್ ಬರುವಾಗ ಊರಲ್ಲಿ ಕೂತು ತಿನ್ನಿ, ಕವರ್ ಕೆರೆಗೆ ಬರಬಾರದು.

ಹಂತ 5: ಎಣಿಕೆ

ಬೆಳಗ್ಗೆ ಸೂರ್ಯ ಬೆನ್ನಿಗಿರಬೇಕು. ಅಂದರೆ ಕೆರೆಯ ಪೂರ್ವ ಬದಿಗೆ ನಿಂತು ಪಶ್ಚಿಮಕ್ಕೆ ನೋಡಬೇಕು. ಉಲ್ಟಾ ನಿಂತರೆ ಎಲ್ಲಾ ಹಕ್ಕಿಗಳೂ ಕಪ್ಪಾಗಿಯೇ ಕಾಣುತ್ತವೆ.

ಮೊದಲ ಭೇಟಿಯಲ್ಲಿ ಎಣಿಸಲೇಬೇಡಿ. ವಾಚರ್ ಜೊತೆ ಓಡಾಡಿ ನಾಲ್ಕು ಜಾಗ ಗೊತ್ತು ಮಾಡಿಕೊಳ್ಳಿ. ಯಾವ ಜಾಗದಿಂದ ಯಾವ ಮರದ ತನಕ ಎಣಿಸುತ್ತೀರಿ ಅಂತ ಪುಸ್ತಕದಲ್ಲಿ ಚಿತ್ರ ಬರೆದು ಗಡಿ ಹಾಕಿ. ಮರಗಳಿಗೆ ನಂಬರ್ ಕೊಡುವುದು ಆ ಚಿತ್ರದಲ್ಲೇ, ಮರದ ಮೇಲೆ ಬಣ್ಣ ಬಳಿಯುವ ಹಾಗಿಲ್ಲ. ಮುಂದೆ ಪ್ರತಿ ತಿಂಗಳೂ ಅವೇ ನಾಲ್ಕು ಜಾಗ, ಅದೇ ಕ್ರಮ, ಒಂದೊಂದರಲ್ಲಿ ಹದಿನೈದು ನಿಮಿಷ. ಜಾಗ ಬದಲಾದರೆ ಜನವರಿ ಲೆಕ್ಕವನ್ನು ಜುಲೈ ಲೆಕ್ಕದ ಜೊತೆ ಇಟ್ಟು ನೋಡಲು ಆಗುವುದಿಲ್ಲ.

ಒಬ್ಬರು ನೋಡಿ ಹೇಳಬೇಕು, ಇನ್ನೊಬ್ಬರು ಅದನ್ನೇ ಮೆಲ್ಲಗೆ ತಿರುಗಿ ಹೇಳಿ ಬರೆಯಬೇಕು. "ಮೂರನೇ ಮರ, ಬಣ್ಣದ ಕೊಕ್ಕರೆ, ನಲವತ್ತೆರಡು." "ನಲವತ್ತೆರಡು." ತಿರುಗಿ ಹೇಳುವುದನ್ನು ಬಿಟ್ಟ ಜೋಡಿಗಳ ಪುಸ್ತಕದಲ್ಲಿ 42 ಹೋಗಿ 24 ಆಗಿರುತ್ತದೆ. ಜಾಗ ಬದಲಾದಾಗ ಕೆಲಸವೂ ಬದಲಾಗಲಿ. ಕಣ್ಣು ದಣಿಯುವುದಿಲ್ಲ, ಇಬ್ಬರೂ ಕಲಿಯುತ್ತೀರಿ.

ಎಡದಿಂದ ಬಲಕ್ಕೆ ಒಂದೇ ಸಲ ನೋಡುತ್ತಾ ಹೋಗಿ, ವಾಪಸ್ ಬರಬೇಡಿ. ದೊಡ್ಡ ಹಿಂಡು ಬಂದರೆ ಮೊದಲು ಹತ್ತು ಹಕ್ಕಿ ಸರಿಯಾಗಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯಿತು ಅಂತ ಕಣ್ಣಲ್ಲಿ ಹಿಡಿದುಕೊಳ್ಳಿ. ಅಂಥ ಎಷ್ಟು ತುಂಡು ಇದೆ ಅಂತ ಎಣಿಸಿ. ಸಾವಿರ ಮೀರಿದರೆ ತುಂಡು ಐವತ್ತರದ್ದಾಗಲಿ. ಅಂದಾಜು ಅಂತ ಪಕ್ಕದಲ್ಲಿ ಬರೆಯಿರಿ. ಗೂಡಿನ ಮರದಲ್ಲಿ ಎರಡು ಲೆಕ್ಕ ಬೇರೆ ಬೇರೆ: ಗೂಡಿನ ಮೇಲೆ ಕೂತ ಹಕ್ಕಿ ಇರುವ ಗೂಡು ಎಷ್ಟು, ಒಟ್ಟು ಹಕ್ಕಿ ಎಷ್ಟು. ಇವೆರಡನ್ನು ಬೆರೆಸಿದರೆ ಲೆಕ್ಕ ಯಾರಿಗೂ ಉಪಯೋಗವಿಲ್ಲ.

ಒಂದು ಜಾಗದಲ್ಲಿ ಮಾತ್ರ ಇಬ್ಬರೂ ಬೇರೆ ಬೇರೆ ಎಣಿಸಿ, ಒಬ್ಬರಿಗೊಬ್ಬರು ಹೇಳದೆ ಬರೆದು ಆಮೇಲೆ ಹೋಲಿಸಿ. ಒಬ್ಬರೇ ಹೋದವರಿಗೆ ಈ ಪರೀಕ್ಷೆ ಮಾಡಲು ಆಗುವುದಿಲ್ಲ. ಒಬ್ಬರಿಗೆ 180, ಇನ್ನೊಬ್ಬರಿಗೆ 190 ಬಂದರೆ ಚಿಂತೆ ಬೇಡ. 120 ಮತ್ತು 190 ಬಂದರೆ ಯಾರೋ ಗಡಿ ತಪ್ಪಿದ್ದಾರೆ, ಮತ್ತೆ ಎಣಿಸಿ. ಎರಡನ್ನೂ ಕೂಡಿಸಿ ಅರ್ಧ ಮಾಡಬೇಡಿ. ಮನೆಯಲ್ಲಿ ಯಾರ ಮಾತು ನಡೆಯುತ್ತದೋ ಅವರ ಅಂಕಿ ಬರೆಯುವುದಂತೂ ಬೇಡವೇ ಬೇಡ. ಮತ್ತೆ ಎಣಿಸುವಷ್ಟರಲ್ಲಿ ಹಿಂಡು ಹಾರಿತೇ? ಎರಡೂ ಅಂಕಿ ಬರೆದು ಬಿಡಿ.

ತಾರೀಖು, ಶುರುವಾದ ಹೊತ್ತು, ಮುಗಿದ ಹೊತ್ತು, ಮೋಡ, ಗಾಳಿ, ನೀರಿನ ಮಟ್ಟ ಪ್ರತಿ ಹಾಳೆಯ ತಲೆಯಲ್ಲಿರಲಿ. ಹೋದ ತಿಂಗಳಿದ್ದ ಹಕ್ಕಿ ಈ ತಿಂಗಳಿಲ್ಲದಿದ್ದರೆ ಸೊನ್ನೆ ಅಂತ ಬರೆಯಿರಿ. ಖಾಲಿ ಬಿಟ್ಟರೆ ನೋಡಲಿಲ್ಲವೋ, ಇರಲಿಲ್ಲವೋ ಗೊತ್ತಾಗುವುದಿಲ್ಲ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಕಂಡರೆ ಕುತ್ತಿಗೆ ನೋಡಿ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಗುರುತಿನ ಕಾಲರ್ ಹಾಕಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ಕಾಲರಿನ ಬಣ್ಣ, ಅದರ ಮೇಲಿನ ಅಕ್ಷರ-ಅಂಕಿ ಬರೆದು ಅರಣ್ಯ ಕಚೇರಿಗೆ ತಿಳಿಸಿ.

ಹಂತ 6: ಯಾವಾಗ ಹಿಂದೆ ಸರಿಯಬೇಕು

ಹಕ್ಕಿ ಹಾರುವ ಮುಂಚೆಯೇ ಸೂಚನೆ ಕೊಡುತ್ತದೆ. ಗೂಡಿನಲ್ಲಿ ಕೂತದ್ದು ಎದ್ದು ನಿಂತಿತೇ? ಕುತ್ತಿಗೆ ಉದ್ದ ಮಾಡಿ ಎಲ್ಲವೂ ನಿಮ್ಮ ಕಡೆಯೇ ತಿರುಗಿದವೇ? ತಿನ್ನುವುದು ನಿಂತಿತೇ? ಆಗಲೇ ಹಿಂದೆ ಸರಿಯಿರಿ. ಟಿಟ್ಟಿಭ ತಲೆ ಮೇಲೆ ಸುತ್ತುತ್ತಾ ಕಿರುಚಿದರೆ ಅದರ ಮೊಟ್ಟೆ ನಿಮ್ಮ ಕಾಲ ಹತ್ತಿರವೇ ಇದೆ. ನೆಲ ನೋಡಿಕೊಂಡು, ಬಂದ ದಾರಿಯಲ್ಲೇ ವಾಪಸ್ ಹೋಗಿ.

ಇದು ಬರೀ ಮರ್ಯಾದೆಯ ಮಾತಲ್ಲ. ನಮ್ಮ ಕಡೆ ಏಪ್ರಿಲ್-ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅಪ್ಪ-ಅಮ್ಮ ಎದ್ದು ಹೋದರೆ ಮೊಟ್ಟೆ, ಚಿಕ್ಕ ಮರಿ ಬಿಸಿಲಿಗೆ ಸ್ವಲ್ಪ ಹೊತ್ತಿನಲ್ಲೇ ಸಾಯುತ್ತವೆ. ಕಾಗೆ, ಹದ್ದು ಅದಕ್ಕೇ ಕಾಯುತ್ತಿರುತ್ತವೆ. ಬೇಸಿಗೆಯಲ್ಲಿ ಎಂಟೂವರೆಗೆ ಎಣಿಕೆ ಮುಗಿಯಬೇಕು.

ಜಾಲಿ ಕಡಿದು ಕೆರೆ ಸ್ವಚ್ಛ ಮಾಡೋಣ ಅಂತ ಕೆಲವರು ಕೊಡಲಿ ಹಿಡಿದು ಬರುತ್ತಾರೆ. ಗೂಡು ಇರುವುದೇ ಜಾಲಿ ಮರಗಳಲ್ಲಿ. ಯಾವ ಗಿಡ ತೆಗೆಯಬೇಕು ಅನ್ನುವುದು ಇಲಾಖೆಯ ತೀರ್ಮಾನ. ಅವರು ಕರೆದಾಗ ಹೋಗಿ, ತಾವಾಗಿ ಒಂದು ಕೊಂಬೆಯನ್ನೂ ಮುರಿಯಬೇಡಿ.

ಹಂತ 7: ಬಿದ್ದ ಹಕ್ಕಿ, ಸತ್ತ ಹಕ್ಕಿ

ಗಾಯವಾದ ಹಕ್ಕಿ ಸಿಕ್ಕರೆ ಮೊದಲು ವಾಚರ್‌ಗೆ ಹೇಳಿ, ಇಲ್ಲವೇ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಅವರು ಹಿಡಿಯಲು ಹೇಳಿದರೆ ಮಾತ್ರ ಹಿಡಿಯಿರಿ. ಕೊಕ್ಕರೆ, ಬಕಗಳು ಹೆದರಿದಾಗ ಕಣ್ಣಿಗೇ ಕುಕ್ಕುತ್ತವೆ. ಒಬ್ಬರು ಟವೆಲ್ ಹಾಕಿ ರೆಕ್ಕೆ ಸೇರಿಸಿ ಹಿಡಿಯಬೇಕು, ಇನ್ನೊಬ್ಬರು ಕೊಕ್ಕು ಹಿಡಿಯಬೇಕು, ಮೂಗಿನ ತೂತು ಮುಚ್ಚಬಾರದು. ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡಿ. ಬಾಯಿಗೆ ನೀರು ಬಿಡಬೇಡಿ, ಅದು ಉಸಿರಿನ ಕೊಳವೆಗೆ ಹೋಗುತ್ತದೆ. ಅನ್ನ, ಹಾಲು, ಬ್ರೆಡ್ ಯಾವುದೂ ಬೇಡ. ಮನೆಗೆ ತಂದು ಸಾಕುವುದು ಕಾಯ್ದೆ ಪ್ರಕಾರ ಅಪರಾಧ.

ಒಂದೇ ಕಡೆ ಹಲವು ಹಕ್ಕಿ ಸತ್ತಿದ್ದರೆ ಮುಟ್ಟಲೇಬೇಡಿ. ದೂರದಿಂದ ಫೋಟೊ ತೆಗೆದು ಅರಣ್ಯ ಕಚೇರಿಗೂ, ಪಶು ಆಸ್ಪತ್ರೆಗೂ ಅದೇ ಗಳಿಗೆಯಲ್ಲಿ ತಿಳಿಸಿ. ಹಕ್ಕಿಜ್ವರ ಇರಬಹುದು, ಹಾಗಾಗಿ ಮನೆಯಲ್ಲಿ ಕೋಳಿ ಸಾಕಿದವರು ಶೂ ತೊಳೆಯದೆ ಒಳಗೆ ಬರಬಾರದು.

ಹಂತ 8: ಲೆಕ್ಕ ಎಲ್ಲಿಗೆ ಹೋಗಬೇಕು

ಮೊದಲ ಪ್ರತಿ ಆರ್‌ಎಫ್‌ಒ ಕಚೇರಿಗೆ, ಕೊಟ್ಟ ಮಾತಿನಂತೆ. ಎರಡನೆಯದು ಹಕ್ಕಿ ಪಟ್ಟಿ ದಾಖಲಿಸುವ ಇ-ಬರ್ಡ್ ಆ್ಯಪ್‌ಗೆ. ಜೋಡಿಗಳು ಇಲ್ಲಿ ಪದೇ ಪದೇ ಮಾಡುವ ತಪ್ಪು ಒಂದಿದೆ. ಇಬ್ಬರೂ ತಮ್ಮ ತಮ್ಮ ಮೊಬೈಲಿಂದ ಒಂದೇ ಬೆಳಗಿನ ಪಟ್ಟಿ ಹಾಕುತ್ತಾರೆ. ಆಗ ಅಲ್ಲಿದ್ದ ಮುನ್ನೂರು ಕೊಕ್ಕರೆ ಎರಡೆರಡು ಸಲ ದಾಖಲಾಗುತ್ತವೆ. ಒಬ್ಬರು ಮಾತ್ರ ಪಟ್ಟಿ ಹಾಕಿ, ನೋಡಿದವರು ಒಟ್ಟು ಇಬ್ಬರು ಅಂತ ತುಂಬಿ, ಆಮೇಲೆ ಅದನ್ನು ಇನ್ನೊಬ್ಬರ ಖಾತೆಗೆ ಹಂಚಿ. ಇಬ್ಬರ ಹೆಸರಿನಲ್ಲೂ ಪಟ್ಟಿ ಇರುತ್ತದೆ, ಲೆಕ್ಕ ಮಾತ್ರ ಒಂದೇ. ಗುರುತು ಹಿಡಿದ ಎಲ್ಲಾ ಹಕ್ಕಿಗಳನ್ನೂ ಹಾಕಿದ್ದೀರಾ ಅಂತ ಆ್ಯಪ್ ಕೇಳುತ್ತದೆ. ಕಾಗೆ, ಗೊರವಂಕ ಬಿಟ್ಟಿದ್ದರೆ ಇಲ್ಲ ಅನ್ನಿ, ಅಥವಾ ಅವನ್ನೂ ಸೇರಿಸಿ.

ಪ್ರತಿ ಜನವರಿಯಲ್ಲಿ ಏಷ್ಯಾದ ನೀರಹಕ್ಕಿ ಗಣತಿ ನಡೆಯುತ್ತದೆ, 1987ರಿಂದ ನಡೆದುಬಂದದ್ದು. ಆ ತಿಂಗಳ ನಿಮ್ಮ ಭೇಟಿಯನ್ನು ಅದೇ ವಾರಕ್ಕೆ ಇಟ್ಟುಕೊಳ್ಳಿ, ಅರಣ್ಯ ಕಚೇರಿಯಲ್ಲಿ ಡಿಸೆಂಬರಿನಲ್ಲೇ ಹೇಳಿಡಿ.

ವಾಟ್ಸ್‌ಆ್ಯಪ್‌ಗೆ ಫೋಟೊ ಹಾಕಿ, ಗೂಡಿನ ಜಾಗ ಹಾಕಬೇಡಿ. ಹೋಗಿ ಬರುವ ದಾರಿಯಲ್ಲಿ ಸಿರುಗುಪ್ಪ ಕಡೆಯ ಎರೆ ಹೊಲಗಳಲ್ಲಿ ದೊಡ್ಡ ಗಾತ್ರದ, ಉದ್ದ ಕಾಲಿನ, ಕರಿ ಟೊಪ್ಪಿಗೆಯ ದೊರೆಹಕ್ಕಿ ಕಂಡರೆ ಫೋಟೊವನ್ನೂ ಹಾಕಬೇಡಿ. ಅಳಿವಿನ ಅಂಚಿನಲ್ಲಿರುವ ಹಕ್ಕಿ ಅದು. ಅರಣ್ಯ ಕಚೇರಿಗೆ ಒಂದು ಫೋನ್ ಸಾಕು.

ಹಂತ 9: ಒಬ್ಬರೇ ಹೋಗಬೇಕಾಗಿ ಬಂದರೆ

ವರ್ಷದಲ್ಲಿ ಹೀಗೆ ಆಗಿಯೇ ಆಗುತ್ತದೆ. ಮಗುವಿಗೆ ಜ್ವರ, ಊರಲ್ಲಿ ಜಾತ್ರೆ, ಒಬ್ಬರಿಗೆ ರಜೆ ಸಿಗಲಿಲ್ಲ. ತಿಂಗಳು ತಪ್ಪಿಸುವುದಕ್ಕಿಂತ ಒಬ್ಬರೇ ಹೋಗುವುದು ವಾಸಿ, ಆದರೆ ನಾಲ್ಕೂ ಜಾಗ ಮಾಡಲು ಹೋಗಬೇಡಿ. ಮೊದಲ ಎರಡು ಜಾಗ ಮಾತ್ರ ಎಣಿಸಿ. ಬರೆಯುವ ಬದಲು ಮೊಬೈಲಿನಲ್ಲಿ ಅಂಕಿ ಹೇಳಿ ಧ್ವನಿ ಮುದ್ರಿಸಿಕೊಳ್ಳಿ, ಮನೆಗೆ ಬಂದು ಇನ್ನೊಬ್ಬರಿಂದ ಪುಸ್ತಕಕ್ಕೆ ಇಳಿಸಿ. ಹಾಳೆಯ ಮೇಲೆ "ಒಬ್ಬರೇ ಎಣಿಸಿದ್ದು, ಜಾಗ 3 ಮತ್ತು 4 ಮಾಡಿಲ್ಲ" ಅಂತ ಬರೆಯಿರಿ. ಹೊರಡುವ ಮುಂಚೆ ವಾಚರ್‌ಗೆ ಫೋನ್ ಮಾಡಿ, ವಾಪಸ್ ಏರಿ ಇಳಿದ ಮೇಲೆ ಮನೆಗೆ ಫೋನ್ ಮಾಡಿ.